ಆಗ್ನೆಸಜ್ಜಿಯ ಗಡಿಗೆ

ನಮ್ಮ ಊರಿನಲ್ಲಿ ಯಾರೂ ಯಾರಿಗೂ ವಿಳಾಸ ಹೇಳುವುದಿಲ್ಲ. ಮೂಗು ಸರಿಯಾಗಿದೆಯಾ ಎಂದು ಕೇಳುತ್ತಾರೆ, ಅಷ್ಟೇ. ಬೀದಿಗಳು ಇಲ್ಲಿ ಇದ್ದಲ್ಲಿ ಇರುವುದಿಲ್ಲ. ಬೆಳಿಗ್ಗೆ ಅಂಚೆ ಕಚೇರಿಯ ಎದುರಿಗಿದ್ದ ಓಣಿ ಮಧ್ಯಾಹ್ನ ಇಗರ್ಜಿಯ ಹಿಂದೆ ಸಿಗುತ್ತದೆ, ಸಂಜೆಗೆ ನದಿಯ ಆಚೆ. ಯಾರೂ ನೋಡದಾಗ ಎದ್ದು ಹೋಗಿ ಇನ್ನೊಂದು ಕಡೆ ಕೂತುಬಿಡುತ್ತವೆ. ಕದಲದೆ ಇರುವವು ಎರಡೇ: ನಡುವಿನ ಚೌಕ ಮತ್ತು ಗುಡ್ಡದ ಮೇಲಿನ ಆಸ್ಪತ್ರೆ. ಅದಕ್ಕೇ ಪ್ರತಿ ಓಣಿಗೂ ತನ್ನದೇ ಒಂದು ಅಡುಗೆ ಇದೆ, ಆ ಅಡುಗೆಯನ್ನು ದಿನಾ ಸಂಜೆ ಒಲೆಗೇರಿಸುವ ಒಂದು ಮನೆ ಇದೆ. ಮೀನು ಕರಿದು ವಿನೆಗರ್ ಚಿಮುಕಿಸುವ ಬೀದಿಯವರು ಆ ಹುಳಿಯ ಜಾಡು ಹಿಡಿದು ಮನೆ ಸೇರುತ್ತಾರೆ. ಮೀನಿಗೆ ಹೊಗೆಯೂಡುವ ಹೊಗೆಮೀನಿನ ಓಣಿ, ಶುಂಠಿ ಕೇಕಿನ ಬೀದಿ, ಮಾಂಸದ ಪೈ ಬೇಯಿಸುವ ದೊಡ್ಡ ಬೀದಿ, ಎಲ್ಲವಕ್ಕೂ ಹೀಗೇ. ನೆಗಡಿಯಾದವರು ಕೆಲಸಕ್ಕೆ ಹೋಗುವುದಿಲ್ಲ. ಹೋಗಲೇಬೇಕಾದರೆ ಪಕ್ಕದ ಮನೆಯವರ ತೋಳು ಹಿಡಿದು ಹೋಗುತ್ತಾರೆ. ಅತ್ತರು ಹಚ್ಚಿಕೊಂಡು ಬಸ್ಸು ಹತ್ತಿದವರನ್ನು ಕೆಳಗಿಳಿಸುವ ಹಕ್ಕು ಡ್ರೈವರನಿಗೆ ಇದೆ. ನನ್ನ ಗಂಡ ಈರಣ್ಣ ಗದಗಿನಿಂದ ಈ ಇಂಗ್ಲಿಷರ ಊರಿಗೆ ಬಂದು ಬಸ್ ಡ್ರೈವರ್ ಆದವನು, ಅವನು ಕಿಟಕಿ ತೆರೆದು ಮೂಗು ಹೊರಗಿಟ್ಟೇ ಬಸ್ಸು ಓಡಿಸುತ್ತಾನೆ.

ಇನ್ನೊಂದು ಕಟ್ಟಳೆಯೂ ಉಂಟು. ದಾರಿ ತಪ್ಪಿದವನನ್ನು ಯಾವ ಓಣಿಯವರೂ ಹೊರಗೆ ನಿಲ್ಲಿಸುವುದಿಲ್ಲ, ಒಳಗೆ ಕರೆದು ಹಾಸಿಗೆ ಕೊಡುತ್ತಾರೆ. ಆದರೆ ಆಸ್ಪತ್ರೆಯೊಂದನ್ನು ಬಿಟ್ಟರೆ, ಬೆಳಗಿನ ಚಹಾ ಎಲ್ಲಿ ಕುಡಿದೆಯೋ ಆ ಓಣಿಯವನಾದೆ. ಮತ್ತೆ ತಿರುಗಿ ಬರುವುದಿಲ್ಲ. ಬರಬಾರದೆಂದೇನಿಲ್ಲ, ಬರಬೇಕೆಂದು ಅನ್ನಿಸುವುದೇ ಇಲ್ಲ. ನಿನ್ನೆಯ ನೆರೆಯವನು ಇವತ್ತು ಚೌಕದಲ್ಲಿ ಸಿಕ್ಕರೆ ಟೋಪಿ ಎತ್ತಿ, ಹವಾಮಾನ ಮಾತಾಡಿ, ಮುಂದೆ ಹೋಗುತ್ತಾನೆ.

ನಮ್ಮದು ಪೀಸ್ ಪುಡಿಂಗಿನ ಓಣಿ. ಹೆಸರು ದೊಡ್ಡದು, ವಸ್ತು ಸಣ್ಣದು: ಹಳದಿ ಬಟಾಣಿಯ ಬೇಳೆಯನ್ನು ಗಡಿಗೆಯಲ್ಲಿ ಹಾಕಿ, ಉಪ್ಪು ಬೆರೆಸಿ, ಗಟ್ಟಿಯಾಗುವ ತನಕ ಬೇಯಿಸಿ ಮಸೆದದ್ದು. ನಮ್ಮ ಗದಗಿನ ಕಡೆಯವರು ನೋಡಿದರೆ ಒಗ್ಗರಣೆ ಮರೆತ ಬ್ಯಾಳಿ ಅಂದಾರು. ಅದನ್ನು ಲೆಕ್ಕವಿಲ್ಲದಷ್ಟು ವರ್ಷಗಳಿಂದ ಮಾಡುತ್ತಿದ್ದವಳು ಆಗ್ನೆಸ್ ಥ್ರೆಲ್‌ಕೆಲ್ಡ್. ಓಣಿಗೆಲ್ಲ ಆಗ್ನೆಸಜ್ಜಿ. ಸಂಜೆಯಾದರೆ ಗಡಿಗೆ ಒಲೆಗಿಟ್ಟು ಹೊಸ್ತಿಲ ಮುಂದಿನ ಮೆಟ್ಟಿಲ ಮೇಲೆ ಕೂರುವಳು, ಹೋಗಿಬರುವವರನ್ನೆಲ್ಲ ತಡೆದು ಮಾತಾಡಿಸುವಳು. ಅವಳು ಆಡುವುದು ಇಂಗ್ಲಿಷೇ. ಆದರೆ ಇಷ್ಟು ವರ್ಷ ಗೋಡೆಗೆ ಗೋಡೆ ಹಚ್ಚಿ ಬಾಳಿದ ಮೇಲೆ ನನ್ನ ಕಿವಿಗೆ ಅದು ಗದಗಿನ ಮಾತಿನ ಹಾಗೇ ಬೀಳುತ್ತದೆ, ಹಾಗೇ ಬರೆಯುತ್ತೇನೆ. ಬೇಕಾದವರು ತಿದ್ದಿಕೊಳ್ಳಲಿ.

ನನ್ನ ಅತ್ತೆ ನೀಲವ್ವ ಇಲ್ಲಿಗೆ ಬಂದದ್ದು ಮಾವ ತೀರಿಕೊಂಡ ಮೇಲೆ. ಬಂದವಳು ಸಾಮಾನ್ಯದವಳಲ್ಲ. ಗದಗಿನಲ್ಲಿ ಮದುವೆ ಮನೆಗಳಿಗೆ ಹಂಡೆಗಟ್ಟಲೆ ಅಡುಗೆ ಮಾಡಿದ ಕೈ ಅವಳದು. ಅವಳ ಜಂಬಕ್ಕೆ ಒಂದೇ ಮಾತು: "ನನ್ನ ಕೈಯಾಗ ಇವತ್ತಿನ ತನಕಾ ಒಂದು ಗಡಗಿ ತಳಾ ಹತ್ತಿಲ್ಲ." ಇದನ್ನು ನಾನು ಮದುವೆಯಾದ ದಿನವೇ ಕೇಳಿದ್ದೆ, ನನ್ನ ಮೊದಲ ಸಾರು ಉಂಡಾಗ ಇನ್ನೊಮ್ಮೆ ಕೇಳಿದೆ.

ಬಂದ ವಾರವೇ ಅವಳು ಕಳೆದುಹೋದಳು. ಬೀದಿಯಲ್ಲಿ ಬ್ಯಾಂಡಿನವರು ಹೊರಟಿದ್ದರು. ಹಿತ್ತಾಳೆಯ ತುತ್ತೂರಿ, ಹೊಟ್ಟೆಯಷ್ಟೇ ದೊಡ್ಡ ಡೋಲು, ಹಿಂದೆ ಮೊಣಕಾಲಿಗೆ ಗೆಜ್ಜೆ ಕಟ್ಟಿಕೊಂಡು ಕರವಸ್ತ್ರ ಬೀಸುತ್ತ ಕುಣಿಯುವ ಗಡ್ಡದ ಗಂಡಸರು. ಅತ್ತೆ ಬಾಯಿಬಿಟ್ಟುಕೊಂಡು ಅವರ ಹಿಂದೆ ನಡೆದಳು. ಬ್ಯಾಂಡು ಮುಗಿದು ನೋಡುತ್ತಾಳೆ, ಗುರುತಿನ ಒಂದು ಗೋಡೆಯಿಲ್ಲ. ಇಳಕಲ್ ಸೀರೆಯ ಮೇಲೆ ಮಗನ ಸ್ವೆಟರು, ಬಾಯಲ್ಲಿ ಈ ಊರಿನ ಒಂದು ಮಾತಿಲ್ಲ. ಮೂಗಿನ ಸಂಗತಿ ಅವಳಿಗೆ ನಾವಿನ್ನೂ ಸರಿಯಾಗಿ ಹೇಳಿರಲಿಲ್ಲ. ಹಾಗೆ ನಿಂತಾಗ ಎಲ್ಲಿಂದಲೋ ಬೇಳೆ ತಳ ಹಿಡಿದು ಸೀದ ವಾಸನೆ ಬಂತು. ಅತ್ತೆಗೆ ತಾನು ಕಳೆದುಹೋದದ್ದೇ ಮರೆತುಹೋಯಿತು. ಯಾವಳೋ ಬೇಳೆ ಹಾಳುಮಾಡುತ್ತಿದ್ದಾಳೆ! ಸೀರೆ ಎತ್ತಿಕಟ್ಟಿ ಆ ವಾಸನೆಯ ಮೇಲೆ ಯುದ್ಧಕ್ಕೆ ಹೊರಟಂತೆ ಹೊರಟವಳು ಸೀದಾ ಆಗ್ನೆಸಜ್ಜಿಯ ಅಡುಗೆಮನೆಗೇ ನುಗ್ಗಿ, ಸೆರಗಿನಿಂದ ಗಡಿಗೆ ಇಳಿಸಿ, ಮೆಟ್ಟಿಲ ಮೇಲಿದ್ದ ಅಜ್ಜಿಯ ಕಡೆ ತಿರುಗಿ, "ಒಲಿ ಮ್ಯಾಲ ಇಟ್ಟು ಇಲ್ಲಿ ಕುಂತು ಹರಟಿ ಹೊಡಿತೀಯಲ್ಲವಾ, ನಾಚಿಕಿ ಬರೂದಿಲ್ಲ?" ಎಂದು ಗದರಿದಳು. ಪಕ್ಕದ ಬಾಗಿಲಲ್ಲಿ ನಾನು ನಿಂತಿದ್ದೆ.

ಆಗ್ನೆಸಜ್ಜಿಗೆ ಒಂದಕ್ಷರ ತಿಳಿಯಲಿಲ್ಲ. ಅವಳು ಅತ್ತೆಯ ಕೈ ಹಿಡಿದು ಕೂರಿಸಿ ಚಹಾ ಕೊಟ್ಟಳು. ಆಮೇಲೆ ಓಣಿಗೆಲ್ಲ ಹೇಳಿಕೊಂಡು ತಿರುಗಿದಳು: "ನನ್ನ ಅಡಿಗಿ ಘಮಕ್ಕ ಆ ಹೆಣ್ಣುಮಗಳು ನದಿ ಆಚಿಂದ ಓಡಿ ಬಂದಳ ನೋಡ್ರಿ!" ಅತ್ತೆಗೆ ನಾನು ಅದನ್ನು ಕನ್ನಡ ಮಾಡಿ ಹೇಳಲಿಲ್ಲ. ಮನೆಯಲ್ಲಿ ಶಾಂತಿ ಇರಲಿ ಎಂದು. ಅಲ್ಲಿಂದ ಆ ಇಬ್ಬರು ಮುದುಕಿಯರೂ ಒಬ್ಬರ ಭಾಷೆ ಒಬ್ಬರಿಗೆ ಬಾರದೆ ಅಕ್ಕತಂಗಿಯರ ಹಾಗಾದರು.

ಒಂದು ಚಳಿಗಾಲ ಆಗ್ನೆಸಜ್ಜಿ ಹಿಮದ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಸ್ಟ್ರೆಚರಿನ ಮೇಲೆ ಮಲಗಿದವಳು ಅಳಲಿಲ್ಲ, ಗಡಿಗೆ ತರಿಸಿದಳು. ಅದು ಎರಕದ ಕಬ್ಬಿಣದ್ದು, ಅವಳ ಅತ್ತೆಯ ಅತ್ತೆಯ ಕಾಲದ್ದು. ಅದನ್ನು ನೀಲವ್ವನ ಮಡಿಲಲ್ಲಿಟ್ಟು, "ಓಣಿ ನಿನ್ನ ಕೈಯಾಗ ಐತಿ" ಎಂದಳು. ಇದನ್ನು ನಾನು ಕನ್ನಡ ಮಾಡಿ ಹೇಳಿದೆ. ಅತ್ತೆ ಗಡಿಗೆಯನ್ನು ಹಣೆಗೊತ್ತಿಕೊಂಡಳು. ಹೊರಗಿನಿಂದ ಬಂದವಳಿಗೆ ಒಂದು ಓಣಿಯ ಒಲೆ ಸಿಗುವುದು ಈ ಊರಲ್ಲಿ ಹಿಂದೆಂದೂ ಆಗಿರಲಿಲ್ಲ. ನನಗಂತೂ ಆ ದಿನ ಎದೆಯುಬ್ಬಿತು, ಮುಚ್ಚಿಡುವುದೇಕೆ?

ಅತ್ತೆ ಮೊದಲು ಮಾಡಿದ ಕೆಲಸ ಆ ಗಡಿಗೆಯನ್ನು ತಿಕ್ಕಿದ್ದು. ಬೂದಿ, ಹುಣಸೆಹಣ್ಣು, ತೆಂಗಿನ ನಾರು. ಒಳಗೆ ಬೆರಳ ದಪ್ಪ ಕಪ್ಪು ಹೊಪ್ಪಳೆ ಕೂತಿತ್ತು. "ಪಾಪ, ವಯಸ್ಸಾಗೇತಿ, ತಿಕ್ಕಾಕ ಕೈಲಾಗಿಲ್ಲ" ಎಂದು ಮರುಗುತ್ತಲೇ ಕೆರೆದು ತೆಗೆದಳು. ಆಮೇಲೆ ಬೇಳೆ. ಆರಿಸಿ, ತೊಳೆದು, ನೆನೆಹಾಕಿ, ನೊರೆ ತೆಗೆದು, ಸಣ್ಣ ಉರಿಯಲ್ಲಿ, ಒಲೆ ಬಿಟ್ಟು ಒಂದು ಹೆಜ್ಜೆ ಆಚೆ ಇಡದೆ, ಸೌಟು ಆಡಿಸುತ್ತಲೇ ನಿಂತು ಮಾಡಿದಳು. ಒಗ್ಗರಣೆಗೆ ಕೈ ಕಡಿಯುತ್ತಿತ್ತಂತೆ, ಆದರೂ ತಡೆದುಕೊಂಡಳು. "ಓಣಿ ಅಡಿಗಿ ಓಣಿದ ಹಂಗೇ ಇರಬೇಕು." ಬಂಗಾರದ ಬಣ್ಣದ, ಬೆಣ್ಣೆಯಂಥ ಪುಡಿಂಗು. ತಿಂದವರು ಕಣ್ಣು ಮುಚ್ಚಿದರು.

ಮೊದಲು ಬಾರದೇ ಹೋದವನು ಬರ್ನಾರ್ಡ್ ಟಕ್‌ವೆಲ್, ಬ್ಯಾಂಡಿನ ಡೋಲು ಬಡಿಯುವವನು. ಹೊಗೆಮೀನಿನ ಓಣಿಯಲ್ಲಿ ಚಹಾ ಕುಡಿದನಂತೆ. ವಯಸ್ಸಾಯಿತು, ಮೂಗು ಮಂದ, ಎಂದುಕೊಂಡೆವು. ಆಮೇಲೆ ಹಾಬ್ಸ್ ದಂಪತಿ. ಆಮೇಲೆ ಮೂಲೆಮನೆಯ ನರ್ಸ್. ಈರಣ್ಣನೇ ಎಷ್ಟೋ ಸಂಜೆ ನಮ್ಮ ಓಣಿಯ ಬಾಯಿಯ ಮುಂದೆಯೇ ಬಸ್ಸು ತಿರುಗಿಸಿಕೊಂಡು ಸುತ್ತು ಹಾಕಿ, ಬಸ್ಸಿನ ಸದ್ದು ಕೇಳಿ ನಾನು ಹೊರಗೋಡಿ ಕೂಗಿದ ಮೇಲೆ ಬಂದದ್ದುಂಟು. "ನನಗ ನಮ್ಮ ಓಣಿ ವಾಸನಿನ ಬರವಲ್ದು" ಎಂದು ಪೆಚ್ಚಾಗಿ ಕೂರುತ್ತಿದ್ದ. ಮಂದಿ ಕಡಿಮೆಯಾದ ಓಣಿ ಈ ಊರಲ್ಲಿ ಸಣ್ಣದಾಗುತ್ತ ಬರುತ್ತದೆ. ಎರಡೂ ಬದಿಯ ಗೋಡೆಗಳು ಹತ್ತಿರ ಸರಿದು, ಹಾಲಿನ ಗಾಡಿ ಒಳಗೆ ಬರುವುದು ನಿಂತಿತು. ಕೊನೆಗೆ ಅಂಥ ಓಣಿ ಎರಡು ಬೀದಿಗಳ ನಡುವಿನ ಬರೀ ಸಂದಿಯಾಗಿ, ಅಲ್ಲಿ ಬೆಕ್ಕುಗಳು ಮಾತ್ರ ಓಡಾಡುತ್ತವೆ.

ಉಳಿದ ಕೆಲವರು ಒಂದು ದಿನ ನಮ್ಮ ಬಾಗಿಲಿಗೆ ಬಂದರು. ಈ ಊರಿನವರು ನೇರ ಮಾತಾಡುವವರಲ್ಲ. ಚಳಿಯ ಬಗ್ಗೆ ಆಡಿ, ಕಿಟಕಿಯ ಹೂವಿನ ಬಗ್ಗೆ ಆಡಿ, ಕೊನೆಗೆ ಕೆಮ್ಮಿ, ಪುಡಿಂಗಿಗೆ ಹಂದಿಯ ಮೂಳೆ ಹಾಕಿದರೆ ಹೇಗೆ ಎಂದರು. ಅತ್ತೆ ಲಿಂಗ ಕಟ್ಟಿದ ಹೆಂಗಸು. ಮುಖ ಕೆಂಪಾಯಿತು, ಆದರೂ ಬಾಗಿಲು ಹಾಕಲಿಲ್ಲ. "ಆಗ್ನೆಸಕ್ಕನ್ನ ಕೇಳಿಕೊಂಡು ಬಾ" ಎಂದು ನನ್ನನ್ನು ಗುಡ್ಡಕ್ಕೆ ಅಟ್ಟಿದಳು. ಅಜ್ಜಿ ಆಸ್ಪತ್ರೆಯ ಹಾಸಿಗೆಯಲ್ಲೇ ಕೆಂಡವಾದಳು. "ಮೂಳಿ? ನನ್ನ ಗಂಡ ಸತ್ತಾಗಿಂದ ನಾ ಅದರಾಗ ಮೂಳಿ ಹಾಕಿಲ್ಲ. ಬ್ಯಾಳಿ, ನೀರು, ಉಪ್ಪು. ಮತ್ತೇನೂ ಇಲ್ಲ. ನನ್ನ ಅಡಿಗ್ಯಾಗ ಮುಚ್ಚುಮರಿ ಇಲ್ಲ ಅಂತ ಹೇಳು." ಹಬ್ಬದ ದಿನ ತನ್ನನ್ನು ಮನೆಗೆ ಬಿಡುತ್ತಾರೆಂದೂ, ಅವತ್ತು ರಾತ್ರಿ ತನ್ನ ಹಾಸಿಗೆಯಲ್ಲೇ ಮಲಗಿ ಬೆಳಿಗ್ಗೆ ತನ್ನ ಚಹಾ ಕುಡಿಯುವಳೆಂದೂ ಹೇಳಿದಳು. ಹೇಳುವಾಗ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. ಆ ಓಣಿ ಬಿಟ್ಟರೆ ಅವಳಿಗೆ ಮತ್ತೇನೂ ಇಲ್ಲ.

ಅತ್ತೆ ಅದನ್ನು ಕೇಳಿ ಇನ್ನೂ ಹಟಕ್ಕೆ ಬಿದ್ದಳು. ಬೇಳೆ ಇನ್ನೂ ಚೊಕ್ಕ, ಉರಿ ಇನ್ನೂ ಸಣ್ಣ. ಅಡುಗೆ ಚೆನ್ನಾದಷ್ಟೂ ಓಣಿ ಬರಿದಾಯಿತು.

ಹಬ್ಬ ಎಂದರೆ ವಸಂತದ ಗಡಿಗೆಯ ಹಬ್ಬ. ಎಲ್ಲ ಓಣಿಗಳ ಅಡುಗೆಯೂ ಮೆರವಣಿಗೆಯಲ್ಲಿ ಚೌಕಕ್ಕೆ ಬರುತ್ತದೆ. ಒಲೆ ಹಿಡಿದವಳು ಮಾತ್ರ ಬರುವಂತಿಲ್ಲ, ಅವಳು ಮನೆಯಲ್ಲೇ ಇದ್ದು ಗಡಿಗೆ ಕಾಯಬೇಕು. ಇಲ್ಲದಿದ್ದರೆ ಮಂದಿ ಮನೆಗೆ ಮರಳುವುದು ಹೇಗೆ? ಹಾಗಾಗಿ ಪುಡಿಂಗಿನ ತಟ್ಟೆ ಹೊತ್ತು ನಾನು ಹೋದೆ. ಎಂಥ ನೋಟ ಅದು! ಮೈತುಂಬ ಸೊಪ್ಪು ಕಟ್ಟಿಕೊಂಡ ಮನುಷ್ಯನೊಬ್ಬ ಮರದಂತೆ ತೂಗುತ್ತ ಮುಂದೆ, ಕೋಟಿನ ತುಂಬ ಮುತ್ತಿನ ಗುಂಡಿ ಹೊಲಿಸಿಕೊಂಡ ಗಂಡಹೆಂಡತಿ ಹಿಂದೆ. ಬಾಣಲೆ ಹಿಡಿದ ಹೆಂಗಸರು ದೋಸೆಯನ್ನು ಗಾಳಿಗೆ ಹಾರಿಸಿ ಹಿಡಿಯುತ್ತ ಓಡಿದರು. ಒಬ್ಬಳದು ಪಾದ್ರಿಯ ಟೋಪಿಯ ಮೇಲೆ ಬಿತ್ತು, ಅವನು ಟೋಪಿ ತೆಗೆದು ಸಕ್ಕರೆ ಕೇಳಿದ. ಗುಡ್ಡದ ಮೇಲಿಂದ ಗಾಡಿಚಕ್ರದಷ್ಟು ಚೀಸಿನ ಗಾಲಿ ಉರುಳಿಬಿಟ್ಟರು, ಅದರ ಹಿಂದೆ ಪಡ್ಡೆ ಹುಡುಗರು ಕಾಲು ಮೇಲು ತಲೆ ಕೆಳಗಾಗಿ ಉರುಳಿ ಬಂದರು. ಬರ್ನಾರ್ಡ್ ಡೋಲು ಬಡಿಯುತ್ತ ಹೊಗೆಮೀನಿನ ಓಣಿಯವರ ಜೊತೆ ಬಂದ. ನನಗೆ ಟೋಪಿ ಎತ್ತಿದ. ಹವಾ ಚೆನ್ನಾಗಿದೆ ಎಂದ.

ಮೇಯರ್ ಎಲ್ಲ ಅಡುಗೆಗಳ ರುಚಿ ನೋಡಿದರು. ನಮ್ಮದರ ಹತ್ತಿರ ಬಂದು ಒಂದು ಚಮಚ, ಮತ್ತೊಂದು ಚಮಚ, ಆಮೇಲೆ ತಟ್ಟೆಯನ್ನೇ ಎತ್ತಿಕೊಂಡರು. ಮೊದಲ ಬಹುಮಾನದ ಕೆಂಪು ರಿಬ್ಬನ್ನು ನಮ್ಮ ಓಣಿಗೆ! ಹಿಂದೆಂದೂ ಬಂದಿರಲಿಲ್ಲ. ನನ್ನ ಅತ್ತೆಯ ಹೆಸರನ್ನು ಅವರು ಓದಿದ ರೀತಿ ಕೇಳಿ ಗದಗಿನಲ್ಲಿ ಯಾರಾದರೂ ನಗುತ್ತಿದ್ದರು, ನಾನು ಅತ್ತುಬಿಟ್ಟೆ. ಗಾಲಿಕುರ್ಚಿಯಲ್ಲಿ ಆಸ್ಪತ್ರೆಯಿಂದ ಬಂದಿದ್ದ ಆಗ್ನೆಸಜ್ಜಿ ಒಂದು ಚಮಚ ಬಾಯಿಗಿಟ್ಟು, "ಛಲೋ ಐತಿ" ಎಂದಳು. ಇನ್ನೊಂದು ಚಮಚ ತಿಂದು, "ಆದ್ರ ಏನೋ ಒಂದು ಕಡಿಮಿ ಐತಿ" ಎಂದಳು. ಹೊಟ್ಟೆಕಿಚ್ಚು ಎಂದುಕೊಂಡೆ.

ಬೆಳಕು ಇಳಿಯಿತು. ಬ್ಯಾಂಡು ನಿಂತಿತು, ಮಂದಿ ಮೂಗು ಮೇಲೆತ್ತಿ ಒಂದೊಂದು ದಿಕ್ಕಿಗೆ ಚೆದುರಿದರು. ನಾನು ಗಾಲಿಕುರ್ಚಿ ತಳ್ಳುತ್ತಿದ್ದೆ, ಈರಣ್ಣ ಮತ್ತು ಓಣಿಯಲ್ಲಿ ಉಳಿದಿದ್ದ ನಾಲ್ಕಾರು ಮಂದಿ ಜೊತೆಗಿದ್ದರು. ವಿನೆಗರ್ ಬಂತು, ಶುಂಠಿ ಬಂತು, ಪೈ ಬಂತು. ನಮ್ಮದು ಬರಲಿಲ್ಲ. ಇಗರ್ಜಿ ಸುತ್ತಿದೆವು, ನದಿ ದಾಟಿದೆವು, ಮತ್ತೆ ಚೌಕಕ್ಕೇ ಬಂದು ನಿಂತೆವು. ಹೊಗೆಮೀನಿನ ಓಣಿಯ ಒಬ್ಬ ಹೆಂಗಸು ಬಾಗಿಲು ತೆರೆದು, "ಒಳಗ ಬರ್ರಿ, ಹಾಸಿಗಿ ಅದಾವ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಕರೆದದ್ದು. ನಮ್ಮ ಜೊತೆಗಿದ್ದ ಇಬ್ಬರು ಚಳಿ ತಾಳದೆ ಹೆಜ್ಜೆ ಎತ್ತಿದರು.

"ನಾ ಇನ್ನೊಬ್ಬರ ಓಣ್ಯಾಗ ಚಹಾ ಕುಡಿಯಂಗಿಲ್ಲ" ಎಂದಳು ಆಗ್ನೆಸಜ್ಜಿ. "ಇಲ್ಲೇ ಕುಂತು ಸಾಯತೀನಿ." ಕುರ್ಚಿಯ ಗಾಲಿಗಳನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ನನ್ನ ಕೈಯಲ್ಲಿದ್ದ ರಿಬ್ಬನ್ನು ನನಗೆ ಭಾರವೆನಿಸಿತು. ಮನೆಯಲ್ಲಿ ಅತ್ತೆ ಒಬ್ಬಳೇ, ಎಲ್ಲಿಯೋ, ಎರಡು ಗೋಡೆಗಳ ಸಂದಿಯಲ್ಲಿ. ಬೆಳಗಾದರೆ ನಾನೂ ಅವಳಿಗೆ ಸೆರಗು ಸರಿಮಾಡಿಕೊಂಡು ಹವಾ ಹೇಗಿದೆ ಎನ್ನುವ ಹೆಂಗಸಾಗುತ್ತೇನೆ. ನನಗೆ ಅಳು ಬಂತು.

ಆಗ ಬಂತು. ಮೊದಲು ಒಂದು ಎಳೆ, ಆಮೇಲೆ ಮೂಗು ಕಚ್ಚುವಷ್ಟು: ಬೇಳೆ ತಳ ಹಿಡಿದು ಸೀದ ವಾಸನೆ. ಸಾಮಾನ್ಯ ಸೀದದ್ದಲ್ಲ, ಎಂದೂ ಬೇಳೆ ಸೀಯಿಸಿ ಅಭ್ಯಾಸವಿಲ್ಲದವರು ಒಂದೇ ಸಲಕ್ಕೆ ಸೀಯಿಸಿದರೆ ಹೇಗಿರುತ್ತದೋ ಹಾಗೆ. ಆಗ್ನೆಸಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ತಳ್ಳು!" ಎಂದಳು. ಈರಣ್ಣ ಕುರ್ಚಿ ಕಿತ್ತುಕೊಂಡು ಓಡಿದ. ಬಾಗಿಲೊಳಗೆ ಕಾಲಿಟ್ಟಿದ್ದ ಆ ಇಬ್ಬರೂ ತಿರುಗಿ ಬಂದರು. ಮಾಂಸದ ಅಂಗಡಿ ಬಲಕ್ಕೆ ಬಿಟ್ಟು ಮುಂದೆ ಹೋದರೆ ನಮ್ಮ ಓಣಿ! ಬಾಯಿ ಎಷ್ಟು ಕಿರಿದಾಗಿತ್ತೆಂದರೆ ಕುರ್ಚಿಯ ಎರಡೂ ಗಾಲಿಗಳು ಗೋಡೆಗೆ ಉಜ್ಜಿ ಬಣ್ಣ ಹೋಯಿತು, ಆದರೂ ಒಳಗೆ ಹಿಡಿಸಿತು.

ಓಣಿಯ ತುಂಬ ಹೊಗೆ. ಅತ್ತೆ ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಸೌಟು, ಕಣ್ಣು ಕೆಂಪು. ಒಲೆಯ ಕಡೆ ಬೆನ್ನು ಮಾಡಿ ಕೂತಿದ್ದಳು, ತನ್ನ ಕೂಸಿಗೆ ಚುಚ್ಚುಮದ್ದು ಹಾಕುವಾಗ ಆಚೆ ತಿರುಗಿ ಕೂರುವ ತಾಯಿಯ ಹಾಗೆ.

"ಅತ್ತಿ, ಏನ್ ಮಾಡಿದ್ರಿ ಇದು?" ಎಂದೆ.

"ಕತ್ತಲಾತು, ಒಬ್ಬರೂ ಬರಲಿಲ್ಲ ಕಲಾ" ಎಂದಳು. "ನಾ ಬಂದ ಹೊಸದಾಗ ಈ ಓಣಿಗೆ ನನ್ನ ಯಾರು ಕರಕೊಂಡು ಬಂದ್ರು ಅಂತ ಇಲ್ಲೇ ಕುಂತು ವಿಚಾರ ಮಾಡಿದೆ. ಯಾರೂ ಅಲ್ಲ. ಆಕಿ ಹೊತ್ತಿಸಿದ ಬ್ಯಾಳಿ. ದಿನಾ ಹೊತ್ತಿಸ್ತಿದ್ದಳು ಆಕಿ, ದಿನಾ. ಈ ಮಂದಿ ಹುಟ್ಟಿದಾಗಿಂದ ಅದನ್ನ ಓಣಿ ವಾಸನಿ ಅಂದುಕೊಂಡಾರ. ನಾ ಬಂದು ತಿಕ್ಕಿ ತೊಳದು ಅವರ ದಾರಿ ಅಳಿಸಿಬಿಟ್ಟೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಗಡಗ್ಯಾಗಿನ ಸೌಟು ತಗದು ಹೊರಗ ಬಂದು ಕುಂತೆ. ಒಲಿ ಕಡೆ ಹೋಗಬ್ಯಾಡ ಅಂತ ನನ್ನ ಕೈ ನಾನ ಹಿಡಕೊಂಡಿದ್ದೆ."

ಅಷ್ಟರಲ್ಲಿ ಆಗ್ನೆಸಜ್ಜಿ ಈರಣ್ಣನ ಹೆಗಲು ಹಿಡಿದು ಒಳಗೆ ಹೋಗಿ, ಗಡಿಗೆಯ ಮುಚ್ಚಳ ತೆಗೆದು, ತಳದಿಂದ ಕರಿ ಹೊಪ್ಪಳೆ ಸಮೇತ ಒಂದು ಚಮಚ ಕೆರೆದು ಬಾಯಿಗಿಟ್ಟಳು. ಕಣ್ಣು ಮುಚ್ಚಿ ಚಪ್ಪರಿಸಿದಳು. ಹೊರಗೆ ಬಂದು ಅತ್ತೆಯ ತಲೆಯ ಮೇಲೆ ಕೈಯಿಟ್ಟಳು.

"ಈಗ ಹದಕ್ಕ ಬಂತು ನೋಡು. ಇಷ್ಟು ದಿನಕ್ಕ ನಿನಗ ಅಡಿಗಿ ಮಾಡಾಕ ಬಂತು" ಎಂದಳು.

ನನ್ನ ಕೈಯಲ್ಲಿ ಕೆಂಪು ರಿಬ್ಬನ್ನು ಇತ್ತು, ಅಜ್ಜಿಯ ಮಾತು ಮುಚ್ಚಿಟ್ಟು ಅದನ್ನೇ ಕೊಟ್ಟುಬಿಡಬಹುದಿತ್ತು. ಅತ್ತೆ ನನ್ನ ಮುಖ ನೋಡಿದಳು. "ಏನಂದಳ ಆಕಿ?" ಎಂದಳು. ಈ ಸಲ ನಾನು ಒಂದಕ್ಷರ ಬಿಡದೆ ಕನ್ನಡ ಮಾಡಿ ಹೇಳಿದೆ. ನೀಲವ್ವ, ಹಂಡೆಗಟ್ಟಲೆ ಅಡುಗೆ ಮಾಡಿ ಒಂದು ಗಡಿಗೆ ತಳ ಹತ್ತಿಸದ ನೀಲವ್ವ, ತುಟಿ ಬಿಗಿಹಿಡಿದು ಅಜ್ಜಿಯನ್ನು ನೋಡಿದಳು. ಆಮೇಲೆ ಅವಳ ಪಾದ ಮುಟ್ಟಿ ನಮಸ್ಕರಿಸಿದಳು. "ಹೂಂ ಅನ್ನು ಆಕಿಗೆ" ಎಂದಳು ನನಗೆ. "ಕಲಿಸಿಕೊಟ್ಟಾಕಿ ಆಕಿನ ಅನ್ನು." ನನ್ನ ಅತ್ತೆ ಎಷ್ಟು ದೊಡ್ಡವಳು ಎಂದು ನನಗೆ ಗೊತ್ತಾದದ್ದು ಮೇಯರ್ ಹೆಸರು ಓದಿದಾಗ ಅಲ್ಲ, ಆಗ.

ಬೆಳಿಗ್ಗೆ ನಾವೆಲ್ಲರೂ ಆಗ್ನೆಸಜ್ಜಿಯ ಮನೆಯಲ್ಲಿ ಚಹಾ ಕುಡಿದೆವು. ಬರ್ನಾರ್ಡ್ ಮರಳಿ ಬರಲಿಲ್ಲ, ಹೋದವರು ಹೋದರು. ಆದರೆ ದಾರಿ ತಪ್ಪಿದ ಬೇರೆ ಬೇರೆಯವರು ನಮ್ಮಲ್ಲಿ ಬಂದು ಉಳಿಯತೊಡಗಿದ್ದಾರೆ. ಹಾಲಿನ ಗಾಡಿ ಈಗ ಒಳಗೆ ಬರುತ್ತದೆ. ರಿಬ್ಬನ್ನು ನಮ್ಮ ಟ್ರಂಕಿನಲ್ಲಿದೆ. ಅದು ನಮ್ಮ ಓಣಿಗೆ ಇನ್ನೊಮ್ಮೆ ಬಂದಿಲ್ಲ, ಬರುವುದೂ ಇಲ್ಲ. ಬೇರೆ ಬೀದಿಯವರು ಯಾವ ಓಣಿ ಎಂದು ಕೇಳಿದರೆ ಎದೆ ಮುಂದೆ ಮಾಡಿ ಹೇಳುತ್ತೇನೆ.

ದಿನಾ ಸಂಜೆ ಅತ್ತೆ ಬೇಳೆ ಆರಿಸಿ, ತೊಳೆದು, ಗಡಿಗೆ ಒಲೆಗಿಟ್ಟು, ಸೌಟನ್ನು ನನ್ನ ಕೈಗೆ ಕೊಟ್ಟು ಬಚ್ಚಿಡಲು ಹೇಳಿ, ಹೊರಗೆ ಬಂದು ಆಗ್ನೆಸಜ್ಜಿಯ ಪಕ್ಕ ಮೆಟ್ಟಿಲ ಮೇಲೆ ಕೂರುತ್ತಾಳೆ. ಅವರವರ ಭಾಷೆಯಲ್ಲಿ ಅವರವರು ಹರಟುತ್ತಾರೆ. ವಾಸನೆ ಏಳುತ್ತದೆ. ಅತ್ತೆಯ ಕಾಲು ಒಲೆಯ ಕಡೆ ತಾನಾಗಿಯೇ ಏಳಲು ನೋಡುತ್ತದೆ, ಇವತ್ತಿಗೂ. ಅವಳು ಮೊಣಕಾಲನ್ನು ಕೈಯಿಂದ ಅದುಮಿ ಹಿಡಿದು, ಓಣಿಯ ಬಾಯಿಯನ್ನೇ ನೋಡುತ್ತ, ತನಗೆ ತಾನೇ ಹೇಳಿಕೊಳ್ಳುತ್ತಾಳೆ: "ಕುಂದರು ನೀಲವ್ವಾ. ಇನ್ನಾ ನಮ್ಮ ಮಂದಿ ಬರೋದೈತಿ."